ಓದುಗರ ಪ್ರಶ್ನೆ: ಮೂರು ಹೈಡ್ರೋಜನ್ ಪರಮಾಣುಗಳನ್ನು ಕೈಬಿಡದೆ ಓದುವುದು

ಪ್ರಶ್ನೆ: ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದೇನೆ. ಪ್ರಾಜೆಕ್ಟಿಗಾಗಿ, ಕ್ರಿಯೆಯ ಸಮಯದಲ್ಲಿ ಪರಮಾಣುಗಳು ಹೇಗೆ ಚಲಿಸುತ್ತವೆ ಎಂಬುದನ್ನು ಲೆಕ್ಕಹಾಕುವ ಸೈದ್ಧಾಂತಿಕ ಕೆಮಿಕಲ್ ಡೈನಮಿಕ್ಸ್‌ ಕುರಿತ ಪಠ್ಯಪುಸ್ತಕವೊಂದನ್ನು ಪೂರ್ತಿ ಓದಬೇಕೆಂದು ಮಾರ್ಗದರ್ಶಕರು ಹೇಳಿದ್ದಾರೆ. ಮೊದಲ ಎರಡು ಅಧ್ಯಾಯಗಳು ಹೇಗೋ ಮುಗಿದವು. ಮೂರನೆಯದರಲ್ಲಿ ಸ್ಕ್ಯಾಟರಿಂಗ್ ಸಿದ್ಧಾಂತ (ಕಣಗಳು ಢಿಕ್ಕಿ ಹೊಡೆದು ಚದುರುವುದರ ಲೆಕ್ಕ) ಶುರುವಾಯಿತು, ಎರಡು ತಿಂಗಳಿಂದ ಅಲ್ಲೇ ನಿಂತಿದ್ದೇನೆ. ಗಣಿತವನ್ನೆಲ್ಲ ಮೊದಲು ಕಲಿತು, ಆಮೇಲೆ ಈ ಪುಸ್ತಕಕ್ಕೆ ಬರುವುದು ಒಳ್ಳೆಯದೆ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಹಾಗೆ ಮಾಡಬೇಡಿ. ಗಣಿತವನ್ನೆಲ್ಲ ಮುಗಿಸಿಕೊಂಡು ಬರುತ್ತೇನೆಂದು ಹೊರಟವರು ಈ ವಿಷಯಕ್ಕೆ ಮರಳಿದ್ದನ್ನು ನಾನು ಕಂಡದ್ದು ಬಹಳ ಕಡಿಮೆ. ನಿಮಗೆ ಸದ್ಯಕ್ಕೆ ಬೇಕಾದ ಗಣಿತ ದೊಡ್ಡದೇನಲ್ಲ. ಒಂದು ವ್ಯವಸ್ಥೆಗೆ ಹ್ಯಾಮಿಲ್ಟನ್ ಸಮೀಕರಣಗಳನ್ನು ಬರೆಯಲು ಬರಬೇಕು, ಮ್ಯಾಟ್ರಿಕ್ಸಿನ ಐಗನ್ ಮೌಲ್ಯಗಳೆಂದರೇನೆಂದು ತಿಳಿದಿರಬೇಕು, ಫೂರಿಯೆ ಪರಿವರ್ತನೆ ಏನು ಮಾಡುತ್ತದೆ ಎಂಬ ಅಂದಾಜಿರಬೇಕು, ಪಾರ್ಟಿಷನ್ ಫಂಕ್ಷನ್ ಜೊತೆ ಸ್ವಲ್ಪ ಒಡನಾಟವಿರಬೇಕು. ಇವೆಲ್ಲ ನಿಮ್ಮ ಎಂ.ಎಸ್‌ಸಿ. ಪಠ್ಯಕ್ರಮದಲ್ಲಿ ಆಗಲೇ ಬಂದುಹೋಗಿವೆ. ಉಳಿದದ್ದನ್ನು ಪುಸ್ತಕವೇ ಕೇಳಿದಾಗ ಕೇಳಿದಷ್ಟು ಕಲಿಯಿರಿ.

ನಿಮ್ಮನ್ನು ನಿಲ್ಲಿಸಿರುವುದು ಗಣಿತಕ್ಕಿಂತ ಹೆಚ್ಚಾಗಿ ಪುಸ್ತಕದ ಕ್ರಮ ಎಂಬುದು ನನ್ನ ಅನಿಸಿಕೆ. ಇಂತಹ ಪುಸ್ತಕಗಳು ಸಾಮಾನ್ಯವಾಗಿ ಅತ್ಯಂತ ನಿಖರವಾದ ಸಿದ್ಧಾಂತದಿಂದ ಶುರುಮಾಡಿ, ಒಂದೊಂದೇ ವಿವರವನ್ನು ಸರಾಸರಿಯಲ್ಲಿ ಕಳೆಯುತ್ತಾ ಬಂದು, ಕೊನೆಗೆ ಪ್ರಯೋಗಾಲಯದಲ್ಲಿ ಅಳೆಯುವ ವೇಗ ಸ್ಥಿರಾಂಕವನ್ನು ತಲುಪುತ್ತವೆ. ಕ್ವಾಂಟಮ್ ಸ್ಥಿತಿಯಿಂದ ಸ್ಥಿತಿಗೆ ಆಗುವ ಬದಲಾವಣೆಯ ಸಂಭಾವ್ಯತೆ ಮೊದಲು, ಅದರಿಂದ ಕ್ರಾಸ್ ಸೆಕ್ಷನ್ (ಕ್ರಿಯೆಯಾಗಲು ಅಣು ಒಡ್ಡುವ ಗುರಿಯ ವಿಸ್ತೀರ್ಣ), ಅದನ್ನು ಎಲ್ಲ ಶಕ್ತಿಗಳ ಮೇಲೆ ಸರಾಸರಿ ಮಾಡಿದರೆ ವೇಗ ಸ್ಥಿರಾಂಕ. ತರ್ಕದ ದೃಷ್ಟಿಯಿಂದ ಇದು ಸರಿ. ಆದರೆ ಕಲಿಯುವವರಿಗೆ ಕೈಗೆ ಸಿಕ್ಕಿರುವುದು ಆ ಸಾಲಿನ ಕೊನೆಯ ವಸ್ತು, ಅಂದರೆ 1889ರಲ್ಲಿ ಅರೇನಿಯಸ್ ಕೊಟ್ಟ ರೂಪದ ವೇಗ ಸ್ಥಿರಾಂಕ. ಆದ್ದರಿಂದ ಪ್ರತಿ ಅಧ್ಯಾಯವನ್ನು ಓದುವಾಗಲೂ ಈ ಸರಾಸರಿಗಳ ಏಣಿಯಲ್ಲಿ ತಾನು ಯಾವ ಮೆಟ್ಟಿಲ ಮೇಲೆ ನಿಂತಿದ್ದೇನೆ ಎಂಬುದನ್ನು ನೋಟ್‌ಬುಕ್ಕಿನ ತಲೆಯಲ್ಲಿ ಬರೆದುಕೊಳ್ಳಬೇಕು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಪುಸ್ತಕ ಎಷ್ಟೇ ಸಾಮಾನ್ಯ ರೂಪದಲ್ಲಿ ಮಾತನಾಡಲಿ, ನೀವು ಒಂದೇ ಒಂದು ಕ್ರಿಯೆಯನ್ನು ಆಯ್ದುಕೊಂಡು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅದನ್ನು ಕೈಬಿಡಬೇಡಿ. ಒಂದು ಹೈಡ್ರೋಜನ್ ಪರಮಾಣು ಬಂದು ಹೈಡ್ರೋಜನ್ ಅಣುವಿಗೆ ಬಡಿದು, ಅದರ ಒಂದು ಪರಮಾಣುವನ್ನು ತನ್ನೊಡನೆ ಕಟ್ಟಿಕೊಂಡು, ಇನ್ನೊಂದನ್ನು ಹೊರಗಟ್ಟುವ ಕ್ರಿಯೆಯನ್ನೇ ಆರಿಸಿಕೊಳ್ಳಿ. ಮೂರೇ ನ್ಯೂಕ್ಲಿಯಸ್‌, ಮೂರೇ ಎಲೆಕ್ಟ್ರಾನ್. ಈ ಶಾಸ್ತ್ರ ಬೆಳೆದದ್ದೂ ಇದೇ ಕ್ರಿಯೆಯ ಬೆನ್ನು ಹತ್ತಿ. 1927ರಲ್ಲಿ ಬಾರ್ನ್ ಮತ್ತು ಓಪನ್‌ಹೈಮರ್ ಎಲೆಕ್ಟ್ರಾನುಗಳ ಚಲನೆಯನ್ನೂ ನ್ಯೂಕ್ಲಿಯಸ್‌ಗಳ ಚಲನೆಯನ್ನೂ ಬೇರ್ಪಡಿಸಿ ನೋಡುವ ದಾರಿ ತೋರಿಸಿದರು. 1931ರಲ್ಲಿ ಹೆನ್ರಿ ಐರಿಂಗ್ ಮತ್ತು ಮೈಕೆಲ್ ಪೊಲಾನಿ ಈ ಮೂರು ಪರಮಾಣುಗಳಿಗೆ ಪ್ರಚ್ಛನ್ನ ಶಕ್ತಿಯ ಮೇಲ್ಮೈಯೊಂದನ್ನು (ಪರಮಾಣುಗಳ ಅಂತರ ಬದಲಾದಂತೆ ಶಕ್ತಿ ಎಷ್ಟಾಗುತ್ತದೆ ಎಂದು ತೋರಿಸುವ ನಕ್ಷೆಯನ್ನು), ಭೌತವಿಜ್ಞಾನಿ ಫ್ರಿಟ್ಜ್ ಲಂಡನ್ನನ ಸೂತ್ರವನ್ನೂ ರೋಹಿತದಿಂದ ಸಿಕ್ಕ ಅಂಕಿಗಳನ್ನೂ ಬೆರೆಸಿ, ಬರೆದು ತೋರಿಸಿದರು. ಆ ಮೇಲ್ಮೈಯ ನೆತ್ತಿಯಲ್ಲಿ ನಿಜಕ್ಕೂ ಇರದ ಒಂದು ತಗ್ಗು ಕಾಣಿಸಿಕೊಂಡಿತ್ತು. ಮುಂದಿನವರು ಅದನ್ನು ‘ಐರಿಂಗ್ ಕೆರೆ’ ಎಂದೇ ಕರೆದರು. ಮೂರು ಆಯಾಮಗಳಲ್ಲಿ ಇದೇ ಕ್ರಿಯೆಗೆ ನಂಬಬಹುದಾದ ಪೂರ್ಣ ಕ್ವಾಂಟಮ್ ಲೆಕ್ಕ ಶಾಟ್ಜ್ ಮತ್ತು ಕಪ್ಪರ್‌ಮನ್ ಅವರಿಂದ ಬಂದದ್ದು 1976ರಲ್ಲಿ. ಮೂರು ಪರಮಾಣುಗಳಿಗೆ ನಲವತ್ತೈದು ವರ್ಷ ಹಿಡಿಯಿತು. ನೀವು ಎರಡು ತಿಂಗಳು ನಿಂತಿದ್ದಕ್ಕೆ ಬೇಸರ ಪಟ್ಟುಕೊಳ್ಳಬೇಕಿಲ್ಲ.

ಆ ಮೇಲ್ಮೈಯನ್ನು ನೀವೇ ಬರೆಯಲು ಈಗ ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಮೂರು ಪರಮಾಣುಗಳು ಒಂದೇ ಸಾಲಿನಲ್ಲಿವೆ ಎಂದಿಟ್ಟುಕೊಂಡು, ಎಡ ಮತ್ತು ನಡು ಪರಮಾಣುಗಳ ಅಂತರವನ್ನು ಅಡ್ಡ ಅಕ್ಷದಲ್ಲೂ, ನಡು ಮತ್ತು ಬಲ ಪರಮಾಣುಗಳ ಅಂತರವನ್ನು ಲಂಬ ಅಕ್ಷದಲ್ಲೂ ಹಾಕಿ. ಅಣು ಒಂಟಿಯಾಗಿದ್ದಾಗ ಬಂಧದ ಉದ್ದ 0.74 ಆಂಗ್‌ಸ್ಟ್ರಾಮ್. ಹೀಗಾಗಿ ಅಡ್ಡ ಅಕ್ಷಕ್ಕೆ ಸಮಾನಾಂತರವಾಗಿ ಒಂದು ಕಣಿವೆ, ಲಂಬ ಅಕ್ಷಕ್ಕೆ ಸಮಾನಾಂತರವಾಗಿ ಇನ್ನೊಂದು. ಎರಡೂ ಕೂಡುವ ಮೂಲೆಯಲ್ಲಿ, ಎರಡು ಅಂತರಗಳೂ ಸುಮಾರು 0.93 ಆಂಗ್‌ಸ್ಟ್ರಾಮ್ ಇರುವಲ್ಲಿ, ಕುದುರೆಯ ಜೀನಿನ ಆಕಾರದ ಜಾಗ. ಕಣಿವೆಯ ತಳದಿಂದ ಅದರ ಎತ್ತರ ಸುಮಾರು 0.42 ಎಲೆಕ್ಟ್ರಾನ್ ವೋಲ್ಟ್. ಘಟ್ಟದ ರಸ್ತೆಯಲ್ಲಿ ಹೋಗಿಬಂದವರಿಗೆ ಇದು ಹೊಸದಲ್ಲ: ದಾರಿಯ ಉದ್ದಕ್ಕೂ ನೋಡಿದರೆ ಅದು ಅತಿ ಎತ್ತರದ ಜಾಗ, ದಾರಿಗೆ ಅಡ್ಡಲಾಗಿ ನೋಡಿದರೆ ಎರಡು ಬೆಟ್ಟಗಳ ನಡುವಿನ ಅತಿ ತಗ್ಗಿನ ಜಾಗ. ಸಮಶಕ್ತಿ ರೇಖೆಗಳನ್ನು ಪೆನ್ಸಿಲಿನಲ್ಲಿ ಎಳೆಯುವುದಕ್ಕೆ ಒಂದು ಸಂಜೆ ಬೇಕಾಗುತ್ತದೆ. ದಯವಿಟ್ಟು ಆ ಸಂಜೆಯನ್ನು ಉಳಿಸಲು ಹೋಗಬೇಡಿ. ಪುಸ್ತಕದಲ್ಲಿ ಅಚ್ಚಾದ ಚಿತ್ರವನ್ನು ನೋಡಿದವರಿಗೂ ತಾವೇ ಎಳೆದವರಿಗೂ ಮುಂದಿನ ನಾಲ್ಕು ಅಧ್ಯಾಯಗಳಲ್ಲಿ ಬಹಳ ವ್ಯತ್ಯಾಸ ಕಾಣುತ್ತದೆ.

ಆ ಹಾಳೆಯ ಮೇಲೆ ಗೋಲಿಯೊಂದು ಉರುಳಿದಂತೆ ಕ್ರಿಯೆಯನ್ನು ಕಲ್ಪಿಸಿಕೊಳ್ಳಬೇಕಾದರೆ, ಎರಡು ಅಕ್ಷಗಳನ್ನು ದ್ರವ್ಯರಾಶಿಗೆ ತಕ್ಕಂತೆ ಹಿಗ್ಗಿಸಿ, ನಡುವಿನ ಕೋನವನ್ನೂ ಬಗ್ಗಿಸಬೇಕು. ಪುಸ್ತಕ ಇದನ್ನು ಅರ್ಧ ಪುಟದಲ್ಲಿ ಮುಗಿಸಿರುತ್ತದೆ, ಓದುಗರು ಕಾಲು ನಿಮಿಷದಲ್ಲಿ ದಾಟಿಬಿಡುತ್ತಾರೆ. ಅಲ್ಲಿ ನಿಲ್ಲಿ. ನಡುವಿನ ಪರಮಾಣುವಿನ ದ್ರವ್ಯರಾಶಿಯನ್ನು ಮೂರರ ಒಟ್ಟು ದ್ರವ್ಯರಾಶಿಯಿಂದ ಗುಣಿಸಿ, ಎರಡು ತುದಿಗಳ ದ್ರವ್ಯರಾಶಿಗಳ ಗುಣಲಬ್ಧದಿಂದ ಭಾಗಿಸಿದರೆ ಆ ಕೋನದ ಟ್ಯಾಂಜೆಂಟಿನ ವರ್ಗ ಸಿಗುತ್ತದೆ. ಮೂರು ಹೈಡ್ರೋಜನ್‌ಗಳಿಗೆ ಅದು 3, ಕೋನ 60 ಡಿಗ್ರಿ. ಎರಡು ಕ್ಲೋರಿನ್ ಪರಮಾಣುಗಳ ನಡುವೆ ಹೈಡ್ರೋಜನ್ ಇದ್ದರೆ 71ನ್ನು 1225ರಿಂದ ಭಾಗಿಸಬೇಕು, ಕೋನ ಹದಿಮೂರೂವರೆ ಡಿಗ್ರಿಗೆ ಇಳಿಯುತ್ತದೆ. ಅಷ್ಟು ಚೂಪಾದ ಮೂಲೆಯಲ್ಲಿ ಗೋಲಿ ನೇರವಾಗಿ ತಿರುಗಿಕೊಳ್ಳಲಾರದು, ಆ ಗೋಡೆಗೂ ಈ ಗೋಡೆಗೂ ಹಲವು ಸಲ ಬಡಿಯುತ್ತದೆ. ಅಂದರೆ ಎರಡು ಭಾರವಾದ ಪರಮಾಣುಗಳು ನಿಧಾನವಾಗಿ ಹತ್ತಿರ ಬಂದು ದೂರವಾಗುವಷ್ಟರಲ್ಲಿ ಹಗುರವಾದ ಹೈಡ್ರೋಜನ್ ನಡುವೆ ಹಲವು ಸಲ ಓಡಾಡಿರುತ್ತದೆ. ಒಂದು ಭಾಗಾಕಾರದಿಂದ ಇಷ್ಟು ರಸಾಯನಶಾಸ್ತ್ರ ಹೊರಬರುವುದನ್ನು ಕಂಡ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಇನ್ನು ನಿಮ್ಮನ್ನು ತಡೆದಿರುವ ಸ್ಕ್ಯಾಟರಿಂಗ್ ಅಧ್ಯಾಯ. ಅಲ್ಲಿ ‘ಎಲ್’ ಎಂಬ ಕೋನೀಯ ಸಂವೇಗದ ಸಂಖ್ಯೆಯ ಮೇಲೆ ಉದ್ದುದ್ದದ ಮೊತ್ತಗಳು ಬರುತ್ತವೆ, ಅವುಗಳ ಹಿಂದೆ ಏನಿದೆ ಎಂಬುದು ಕಾಣದೆ ಹೋಗುತ್ತದೆ. ಮೊದಲ ಓದಿನಲ್ಲಿ ಮೊತ್ತಗಳನ್ನು ಬದಿಗಿಟ್ಟು ಒಂದೇ ಒಂದು ಸಂಖ್ಯೆಯನ್ನು ಲೆಕ್ಕಹಾಕಿ. ಹೈಡ್ರೋಜನ್ ಪರಮಾಣು 0.6 ಎಲೆಕ್ಟ್ರಾನ್ ವೋಲ್ಟ್ ಸಾಪೇಕ್ಷ ಚಲನ ಶಕ್ತಿಯಿಂದ ಅಣುವಿನತ್ತ ಬರುತ್ತಿದ್ದರೆ ಅದರ ವೇಗ ಸೆಕೆಂಡಿಗೆ ಸುಮಾರು 13 ಕಿಲೋಮೀಟರ್. ಅದು ಅಣುವಿನ ಕೇಂದ್ರಕ್ಕೆ ನೇರ ಗುರಿಯಿಡದೆ 1 ಆಂಗ್‌ಸ್ಟ್ರಾಮ್ ಪಕ್ಕಕ್ಕೆ ಸರಿದು ಬರುತ್ತಿದೆ ಎಂದುಕೊಳ್ಳಿ. ಸಂಕುಚಿತ ದ್ರವ್ಯರಾಶಿ (ಪರಮಾಣು ಮತ್ತು ಅಣುವಿನ ದ್ರವ್ಯರಾಶಿಗಳ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿದ್ದು), ವೇಗ, ಪಕ್ಕಕ್ಕೆ ಸರಿದ ದೂರ ಈ ಮೂರನ್ನೂ ಗುಣಿಸಿ ಪ್ಲ್ಯಾಂಕ್ ಸ್ಥಿರಾಂಕದಿಂದ ಭಾಗಿಸಿ (ಎರಡು ಪೈಯಿಂದ ಭಾಗಿಸಿದ ಪ್ಲ್ಯಾಂಕ್ ಸ್ಥಿರಾಂಕ, ಇಲ್ಲೇ ಹಲವರು ಎಡವುತ್ತಾರೆ). ಸುಮಾರು 14 ಬರುತ್ತದೆ. ಹಾಗಾದರೆ ‘ಎಲ್’ ಸೊನ್ನೆ ಎಂದರೆ ನೇರ ಢಿಕ್ಕಿ, 14 ಎಂದರೆ ಒಂದು ಆಂಗ್‌ಸ್ಟ್ರಾಮ್ ಬದಿಗೆ ಸರಿದ ಢಿಕ್ಕಿ, 40 ಎಂದರೆ ಮುಟ್ಟದೆ ಹಾದುಹೋಗುವುದು. ನಿಮ್ಮನ್ನು ಹೆದರಿಸಿದ ಮೊತ್ತ, ಗುರಿ ಎಷ್ಟು ತಪ್ಪಿದರೆ ಕ್ರಿಯೆಯ ಸಂಭಾವ್ಯತೆ ಎಷ್ಟಾಗುತ್ತದೆ ಎಂಬುದನ್ನು ಕೂಡಿಸುವ ಕೆಲಸ ಮಾತ್ರ. ಈ ಅರ್ಥ ಮನಸ್ಸಿನಲ್ಲಿ ಕೂತ ಮೇಲೆ ಅದೇ ಅಧ್ಯಾಯಕ್ಕೆ ಮರಳಿ ಹೋಗಿ. ಅದಕ್ಕೂ ಮುಂಚೆ ಒಂದೇ ಆಯಾಮದ ತಡೆಗೋಡೆಯನ್ನು ಅಲೆಯೊಂದು ದಾಟುವ ಲೆಕ್ಕವನ್ನು ಕೈಯಾರೆ ಮಾಡಿರಿ. ಎಸ್-ಮ್ಯಾಟ್ರಿಕ್ಸ್ ಎಂಬ ದೊಡ್ಡ ಹೆಸರಿನ ವಸ್ತು (ಒಳಬರುವ ಅಲೆಗಳಿಗೂ ಹೊರಹೋಗುವ ಅಲೆಗಳಿಗೂ ಇರುವ ಸಂಬಂಧ) ಅಲ್ಲಿ ಎರಡು ಸಾಲು, ಎರಡು ಕಂಬಗಳ ಪುಟ್ಟ ರೂಪದಲ್ಲಿ ಸಿಗುತ್ತದೆ.

ಪ್ರಶ್ನೆ: ಪದವಿ ಕಾಲೇಜಿನಲ್ಲಿ ಕೈನೆಟಿಕ್ಸ್ ಪಾಠ ಮಾಡುತ್ತೇನೆ. ಕ್ರಿಯೆಯ ನಡುವೆ ಶಕ್ತಿಯ ತಡೆಯ ನೆತ್ತಿಯಲ್ಲಿ ಬರುವ ಸಂಕ್ರಮಣ ಸ್ಥಿತಿಯನ್ನು ‘ಹಿಡಿದು ನೋಡಬಹುದೇ’ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಕಂಪ್ಯೂಟರಿನಲ್ಲಿ ಪರಮಾಣುಗಳ ಪಥಗಳನ್ನೇ ಲೆಕ್ಕಹಾಕಬಹುದಾದ ಈ ಕಾಲದಲ್ಲಿ ಸಂಕ್ರಮಣ ಸ್ಥಿತಿ ಸಿದ್ಧಾಂತವನ್ನು ಇನ್ನೂ ಕಲಿಸಬೇಕೆ?
— ಅಧ್ಯಾಪಕರು, ಶಿವಮೊಗ್ಗ

ಉತ್ತರ: ಕಲಿಸಲೇಬೇಕು, ಆದರೆ ಕರಿಹಲಗೆಯ ಮೇಲೆ ನಾವೆಲ್ಲ ಬರೆಯುವ ಆ ಒಂಟಿ ಗುಡ್ಡದ ಚಿತ್ರವನ್ನು ಸ್ವಲ್ಪ ಎಚ್ಚರದಿಂದ ಬರೆಯಬೇಕು ಎಂಬುದು ನನ್ನ ಪ್ರಾರ್ಥನೆ. ಅಡ್ಡ ಅಕ್ಷಕ್ಕೆ ‘ಕ್ರಿಯೆಯ ಪ್ರಗತಿ’ ಎಂದು ಬರೆದ ಕೂಡಲೇ ಮಕ್ಕಳು ಅದನ್ನು ಕಾಲ ಎಂದು ಓದುತ್ತಾರೆ. ಅದು ಕಾಲವಲ್ಲ, ಮೇಲೆ ಹೇಳಿದ ಗ್ರಾಫ್ ಹಾಳೆಯಲ್ಲಿ ಒಂದು ಕಣಿವೆಯಿಂದ ಜೀನನ್ನು ಹತ್ತಿ ಇನ್ನೊಂದು ಕಣಿವೆಗೆ ಇಳಿಯುವ ಗೆರೆಯ ಉದ್ದ. ನಿಜವಾದ ಪರಮಾಣುಗಳು ಆ ಗೆರೆಯ ಮೇಲೆ ನಡೆಯುವುದೂ ಇಲ್ಲ. ಅವು ಕಣಿವೆಯ ಎರಡೂ ಬದಿಗೆ ಕಂಪಿಸುತ್ತ, ಕೆಲವೊಮ್ಮೆ ಮೂಲೆಯನ್ನು ಕತ್ತರಿಸಿ ಹಾಯುತ್ತವೆ.

ಸಂಕ್ರಮಣ ಸ್ಥಿತಿ ಸೀಸೆಯಲ್ಲಿ ತುಂಬಿಡಬಹುದಾದ ವಸ್ತುವಲ್ಲ. 1935ರಲ್ಲಿ ಐರಿಂಗ್ ಒಂದು ಕಡೆ, ಇವಾನ್ಸ್ ಮತ್ತು ಪೊಲಾನಿ ಇನ್ನೊಂದು ಕಡೆ ಪ್ರಕಟಿಸಿದ ಸಿದ್ಧಾಂತದ ತಿರುಳು ಇಷ್ಟು: ಎರಡು ಕಣಿವೆಗಳ ನಡುವೆ ಒಂದು ಗಡಿಗೆರೆ ಎಳೆದು, ಅದನ್ನು ಸೆಕೆಂಡಿಗೆ ಎಷ್ಟು ಸಲ ಆಚೆಗೆ ದಾಟಲಾಗುತ್ತದೆ ಎಂದು ಎಣಿಸಿ, ದಾಟಿದವರು ಮತ್ತೆ ಹಿಂದಿರುಗುವುದಿಲ್ಲ ಎಂದು ಭಾವಿಸುವುದು. ಊರ ಗಡಿಯ ಚೆಕ್‌ಪೋಸ್ಟಿನಲ್ಲಿ ಕೂತು ಹೊರಹೋಗುವ ಗಾಡಿಗಳನ್ನು ಮಾತ್ರ ಎಣಿಸಿದಂತೆ. ತಿರುಗಿಬಂದ ಗಾಡಿಯೊಂದು ಮತ್ತೆ ಹೊರಟರೆ ಅದೂ ಎರಡನೆಯ ಸಲ ಲೆಕ್ಕಕ್ಕೆ ಬರುವುದರಿಂದ ಎಣಿಕೆ ನಿಜಕ್ಕಿಂತ ಹೆಚ್ಚಾಗಬಹುದೇ ಹೊರತು ಕಡಿಮೆಯಾಗದು. ಕ್ಲಾಸಿಕಲ್ ಮೆಕ್ಯಾನಿಕ್ಸ್‌ನಲ್ಲಿ ಈ ಸಿದ್ಧಾಂತ ಕೊಡುವ ವೇಗ ನಿಜವಾದ ವೇಗದ ಮೇಲ್ಮಿತಿ ಎಂಬ ಮಾತಿನ ಅರ್ಥ ಇದೇ. ಗಡಿಗೆರೆಯನ್ನು ಆಚೀಚೆ ಸರಿಸಿ ಎಣಿಕೆ ಅತಿ ಕಡಿಮೆ ಬರುವ ಜಾಗ ಹುಡುಕುವುದೇ ವೇರಿಯೇಷನಲ್ ವಿಧಾನ. ಸೂತ್ರದಲ್ಲಿ ಎಲ್ಲ ಕ್ರಿಯೆಗಳಿಗೂ ಒಂದೇ ಆಗಿ ಬರುವ, ಬೋಲ್ಟ್ಸ್‌ಮನ್ ಸ್ಥಿರಾಂಕ ಗುಣಿಸು ಉಷ್ಣತೆ ಭಾಗಿಸು ಪ್ಲ್ಯಾಂಕ್ ಸ್ಥಿರಾಂಕ ಎಂಬ ಪದ 298 ಕೆಲ್ವಿನ್‌ನಲ್ಲಿ ಸೆಕೆಂಡಿಗೆ ಸುಮಾರು 6.2 ಲಕ್ಷ ಕೋಟಿ.

ಪಥಗಳ ಲೆಕ್ಕ ಇದರ ಜಾಗವನ್ನು ಏಕೆ ಕಸಿದುಕೊಳ್ಳಲಾರದು ಎಂಬುದಕ್ಕೂ ಅಂಕಿಯಲ್ಲೇ ಉತ್ತರವಿದೆ. 0.42 ಎಲೆಕ್ಟ್ರಾನ್ ವೋಲ್ಟ್ ಎತ್ತರದ ತಡೆಗೆ 300 ಕೆಲ್ವಿನ್‌ನಲ್ಲಿ ಬೋಲ್ಟ್ಸ್‌ಮನ್ ಗುಣಕವನ್ನು, ಅಂದರೆ ಅಷ್ಟು ಶಕ್ತಿಯಿರುವ ಢಿಕ್ಕಿಗಳ ಅಂದಾಜು ಪಾಲನ್ನು, ಹಾಕಿ ನೋಡಿ. ಕೋಟಿಗೆ ಒಂದಕ್ಕಿಂತಲೂ ಕಡಿಮೆ ಬರುತ್ತದೆ. 1000 ಕೆಲ್ವಿನ್‌ನಲ್ಲಿ ಅದೇ ಗುಣಕ ಸಾವಿರಕ್ಕೆ ಏಳೆಂಟು. ಕೋಣೆಯ ಉಷ್ಣತೆಯಲ್ಲಿ ಕಣ್ಣು ಮುಚ್ಚಿ ಪಥಗಳನ್ನು ಬಿಡುತ್ತಾ ಹೋದರೆ ಒಂದು ಯಶಸ್ವಿ ಢಿಕ್ಕಿಗಾಗಿ ಕೋಟಿಗಟ್ಟಲೆ ವ್ಯರ್ಥ ಢಿಕ್ಕಿಗಳನ್ನು ಲೆಕ್ಕಹಾಕಬೇಕಾಗುತ್ತದೆ. ಸಂಕ್ರಮಣ ಸ್ಥಿತಿ ಸಿದ್ಧಾಂತ ನೇರವಾಗಿ ಘಟ್ಟದ ನೆತ್ತಿಗೆ ಹೋಗಿ ಕೂರುತ್ತದೆ.

ಅದರ ದೌರ್ಬಲ್ಯವನ್ನೂ ತರಗತಿಯಲ್ಲಿ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಹೈಡ್ರೋಜನ್ ಹಗುರ, ತಡೆಯನ್ನು ಹತ್ತದೆ ಸುರಂಗ ಕೊರೆದಂತೆ ದಾಟಬಲ್ಲದು. ವಿಗ್ನರ್ 1932ರಲ್ಲಿ ಕೊಟ್ಟ ಸರಳ ತಿದ್ದುಪಡಿಯನ್ನು, ಜೀನಿನ ಮೇಲಿನ ಕಾಲ್ಪನಿಕ ಆವರ್ತಾಂಕ (ತಡೆಯ ನೆತ್ತಿ ಎಷ್ಟು ಚೂಪು ಎಂಬುದರ ಅಳತೆ) ಸೆಂಟಿಮೀಟರಿಗೆ ಸುಮಾರು 1500 ಎಂದಿಟ್ಟುಕೊಂಡು ಹಾಕಿದರೆ, 1000 ಕೆಲ್ವಿನ್‌ನಲ್ಲಿ ವೇಗ 1.2 ಪಟ್ಟಾಗುತ್ತದೆ, 300ರಲ್ಲಿ ಮೂರು ಪಟ್ಟು ದಾಟುತ್ತದೆ. ಆ ಸೂತ್ರ ತಿದ್ದುಪಡಿ ಚಿಕ್ಕದಾಗಿರುವಾಗ ಮಾತ್ರ ಸಲ್ಲುವಂಥದ್ದು. ಆದ್ದರಿಂದ 300 ಕೆಲ್ವಿನ್ನಿನ ಉತ್ತರವನ್ನು ‘ಸುರಂಗ ಪರಿಣಾಮ ಇಲ್ಲಿ ದೊಡ್ಡದು’ ಎಂಬ ಎಚ್ಚರಿಕೆಯಾಗಿ ತೆಗೆದುಕೊಳ್ಳಬೇಕು, ಅಂಕಿಯಾಗಿ ನಂಬಬಾರದು.

‘ಹಿಡಿದು ನೋಡುವ’ ಪ್ರಶ್ನೆಗೆ ಬರುವುದಾದರೆ, ಹಿಡಿಯಲಾಗದು, ಆದರೆ ಹಾದುಹೋಗುವಾಗ ನೋಡಲಾಗಿದೆ. ಅಹ್ಮದ್ ಜವೈಲ್ ಅವರ ತಂಡ 1980ರ ದಶಕದಲ್ಲಿ ಅಯೋಡಿನ್ ಸಯನೈಡ್ ಅಣು ಒಡೆಯುವುದನ್ನು ಲೇಸರ್ ಸ್ಪಂದನಗಳಿಂದ ಹಿಂಬಾಲಿಸಿತು. ಇಡೀ ಘಟನೆ ಮುಗಿದದ್ದು ಸುಮಾರು 200 ಫೆಮ್ಟೋಸೆಕೆಂಡಿನಲ್ಲಿ (ಒಂದು ಫೆಮ್ಟೋಸೆಕೆಂಡ್ ಎಂದರೆ ಸೆಕೆಂಡಿನ ಹತ್ತು ಕೋಟಿ ಕೋಟಿಯಲ್ಲಿ ಒಂದು ಭಾಗ). ಆ ಬಗೆಯ ಕೆಲಸಕ್ಕೆ 1999ರ ನೊಬೆಲ್ ಬಂತು. ಅದಕ್ಕೂ ಮುಂಚೆ, 1986ರ ನೊಬೆಲ್ ಹಂಚಿಕೊಂಡ ಹರ್ಶ್‌ಬಾಕ್, ಲೀ ಮತ್ತು ಜಾನ್ ಪೊಲಾನಿ ಅವರಲ್ಲಿ ಕೊನೆಯವರು 1931ರ ಮೇಲ್ಮೈಯನ್ನು ಬರೆದ ಮೈಕೆಲ್ ಪೊಲಾನಿ ಅವರ ಮಗ. ತಡೆ ಮೊದಲ ಕಣಿವೆಯಲ್ಲೇ ಬಂದರೆ ಢಿಕ್ಕಿಯ ವೇಗ ಹೆಚ್ಚು ಉಪಯುಕ್ತ, ಎರಡನೆಯ ಕಣಿವೆಯಲ್ಲಿ ಬಂದರೆ ಹಳೆಯ ಬಂಧದ ಕಂಪನ ಹೆಚ್ಚು ಉಪಯುಕ್ತ ಎಂಬ ನಿಯಮ ಮಗನ ಹೆಸರಿನಲ್ಲಿದೆ. ಗೋಲಿ ಮತ್ತು ತಿರುವಿನ ಚಿತ್ರ ಮನಸ್ಸಿನಲ್ಲಿರುವ ವಿದ್ಯಾರ್ಥಿ ಈ ನಿಯಮವನ್ನು ಉರು ಹೊಡೆಯಬೇಕಾಗಿಲ್ಲ.

ಪ್ರಶ್ನೆ: ನಾನು ಸಾಫ್ಟ್‌ವೇರ್ ಉದ್ಯೋಗಿ, ರಸಾಯನಶಾಸ್ತ್ರ ನನ್ನ ಹಳೆಯ ಪ್ರೀತಿ. ಪುಸ್ತಕ ಓದುತ್ತ ಪೈಥಾನ್‌ನಲ್ಲಿ ಪಥಗಳ ಪ್ರೋಗ್ರಾಂ ಬರೆದೆ. ಒಟ್ಟು ಶಕ್ತಿ ಒಂದೇ ಸಮನೆ ಏರುತ್ತಿದೆ. ಪುಸ್ತಕದ ಸಮೀಕರಣದಲ್ಲಿ ತಪ್ಪಿದೆಯೆ?
— ಓದುಗರು, ಬೆಂಗಳೂರು

ಉತ್ತರ: ಸಮೀಕರಣದಲ್ಲಿ ತಪ್ಪಿರುವ ಸಂಭವ ಕಡಿಮೆ. ಶಕ್ತಿ ಒಂದೇ ಸಮನೆ ಏರುತ್ತಿದೆ ಎಂದಿರುವುದರಿಂದ ನೀವು ಆಯ್ಲರ್ ವಿಧಾನದಿಂದ ಹೆಜ್ಜೆ ಹಾಕುತ್ತಿದ್ದೀರೆಂದು ಊಹಿಸುತ್ತೇನೆ. ಈಗಿನ ವೇಗದಿಂದ ಮುಂದಿನ ಸ್ಥಾನ, ಈಗಿನ ಬಲದಿಂದ ಮುಂದಿನ ವೇಗ ಎಂದು ಬರೆದರೆ ಕಂಪಿಸುವ ಯಾವ ವಸ್ತುವಿನ ಶಕ್ತಿಯೂ ಏರುತ್ತಲೇ ಹೋಗುತ್ತದೆ. ವರ್ಲೆಟ್ 1967ರಲ್ಲಿ 864 ಪರಮಾಣುಗಳ ಆರ್ಗಾನ್ ದ್ರವದ ಮೇಲೆ ಬಳಸಿದ ವಿಧಾನದ ಈಗಿನ ರೂಪ, ವೆಲಾಸಿಟಿ ವರ್ಲೆಟ್, ನಾಲ್ಕೈದು ಸಾಲಿನ ಬದಲಾವಣೆಯಲ್ಲಿ ನಿಮ್ಮ ಪ್ರೋಗ್ರಾಮಿಗೆ ಸೇರುತ್ತದೆ.

ಮೂರು ಪರಮಾಣುಗಳಿಗೆ ಹೋಗುವ ಮುನ್ನ ಎರಡು ಪರಮಾಣುಗಳನ್ನು ಸರಿಪಡಿಸಿ. ಹೈಡ್ರೋಜನ್ ಅಣುವಿಗೆ ಮೋರ್ಸ್ ವಕ್ರರೇಖೆ (ಬಂಧ ಹಿಗ್ಗಿ ಕುಗ್ಗಿದಂತೆ ಶಕ್ತಿ ಹೇಗೆ ಬದಲಾಗುತ್ತದೆ ಎಂಬುದರ ಸರಳ ಸೂತ್ರ) ಹಾಕಿ: ಆಳ 4.75 ಎಲೆಕ್ಟ್ರಾನ್ ವೋಲ್ಟ್, ಬಂಧದ ಉದ್ದ 0.741 ಆಂಗ್‌ಸ್ಟ್ರಾಮ್, ಅಗಲವನ್ನು ನಿರ್ಧರಿಸುವ ಅಂಕಿ ಆಂಗ್‌ಸ್ಟ್ರಾಮಿಗೆ 1.94. ಅಣುವನ್ನು ಸ್ವಲ್ಪವೇ ಎಳೆದು ಬಿಟ್ಟರೆ ಒಂದು ಕಂಪನಕ್ಕೆ 7.6 ಫೆಮ್ಟೋಸೆಕೆಂಡ್ ಆಗಬೇಕು. ಕಾಲದ ಹೆಜ್ಜೆ 0.1 ಫೆಮ್ಟೋಸೆಕೆಂಡ್ ಇರಲಿ. ಹೆಜ್ಜೆಯನ್ನು ಅರ್ಧ ಮಾಡಿದಾಗ ಶಕ್ತಿಯ ಏರಿಳಿತ ಸುಮಾರು ಕಾಲು ಭಾಗಕ್ಕೆ ಇಳಿದರೆ ವಿಧಾನವನ್ನು ಸರಿಯಾಗಿ ಬರೆದಿದ್ದೀರಿ. ಇನ್ನೊಂದು ಪರೀಕ್ಷೆ: ಸಾವಿರ ಹೆಜ್ಜೆ ಮುಂದೆ ಹೋಗಿ, ಎಲ್ಲ ವೇಗಗಳ ಚಿಹ್ನೆ ಬದಲಿಸಿ, ಸಾವಿರ ಹೆಜ್ಜೆ ಮತ್ತೆ ಹೋಗಿ. ಹೊರಟ ಜಾಗಕ್ಕೇ ಬಂದು ನಿಲ್ಲಬೇಕು.

ಕಂಪನದ ಅವಧಿ 7.6ರ ಬದಲು 0.18 ಬಂದರೆ ನಿಲ್ಲಿಸಿ, ಏಕಮಾನ ನೋಡಿ. ಪರಮಾಣು ಏಕಮಾನ ಪದ್ಧತಿಯಂತೆ ಶಕ್ತಿಯನ್ನು ಹಾರ್ಟ್ರೀಯಲ್ಲಿ, ದೂರವನ್ನು ಬೋರ್‌ನಲ್ಲಿ ಇಟ್ಟು, ದ್ರವ್ಯರಾಶಿಯನ್ನು ಮಾತ್ರ ಹೈಡ್ರೋಜನ್‌ಗೆ 1 ಎಂದು ಬರೆದಿರುತ್ತೀರಿ. ಪರಮಾಣು ಏಕಮಾನದಲ್ಲಿ 1 ಎಂಬುದು ಎಲೆಕ್ಟ್ರಾನಿನ ದ್ರವ್ಯರಾಶಿ, ಹೈಡ್ರೋಜನ್ ಪರಮಾಣುವಿನದು ಸುಮಾರು 1837. ಅದರ ವರ್ಗಮೂಲದಷ್ಟು, ಅಂದರೆ ಸುಮಾರು 43 ಪಟ್ಟು, ಅವಧಿ ಕುಗ್ಗುತ್ತದೆ. ವಿದ್ಯಾರ್ಥಿಯಾಗಿದ್ದಾಗ ಇದೇ ತಪ್ಪಿನಿಂದ ನಾನು ಮೂರು ವಾರ ಕಳೆದುಕೊಂಡಿದ್ದೇನೆ. ಫಲಿತಾಂಶ ನೋಡುವುದಕ್ಕೆ ಚೆನ್ನಾಗಿಯೇ ಇತ್ತು, ಶಕ್ತಿ ಸ್ಥಿರವಾಗಿತ್ತು, ಗ್ರಾಫ್ ನುಣುಪಾಗಿತ್ತು, ಕಾಲದ ಅಕ್ಷವನ್ನು ರೋಹಿತದ ಅಂಕಿಯೊಂದಿಗೆ ಹೋಲಿಸಿ ನೋಡಬೇಕೆಂದು ನನಗೆ ಹೊಳೆದಿರಲಿಲ್ಲ. ಆದ್ದರಿಂದಲೇ ಪ್ರತಿ ಪ್ರೋಗ್ರಾಮಿಗೂ ಉತ್ತರ ಮೊದಲೇ ಗೊತ್ತಿರುವ ಒಂದು ಪರೀಕ್ಷೆ ಇಡಿ ಎಂದು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಎರಡು ಪರಮಾಣು ಸರಿಯಾದ ಮೇಲೆ, ಸಾಟೋ 1955ರಲ್ಲಿ ಒಂದು ಹೊಂದಾಣಿಕೆಯ ಅಂಕಿ ಸೇರಿಸಿ ಕೊಟ್ಟ, ಲಂಡನ್, ಐರಿಂಗ್, ಪೊಲಾನಿ, ಸಾಟೋ ಹೆಸರುಗಳ ಮೊದಲಕ್ಷರಗಳ ಎಲ್‌ಇಪಿಎಸ್ ಮೇಲ್ಮೈ ಹಾಕಿ ಮೂರನೆಯ ಪರಮಾಣುವನ್ನು ಬಿಡಿ. ಹಿರ್ಶ್‌ಫೆಲ್ಡರ್, ಐರಿಂಗ್ ಮತ್ತು ಟಾಪ್ಲಿ 1936ರಲ್ಲಿ ಇದೇ ಲೆಕ್ಕವನ್ನು ಕೈಯಿಂದ ಶುರುಮಾಡಿದ್ದರು, ಪಥವನ್ನು ಕೊನೆ ಮುಟ್ಟಿಸಲು ಅವರಿಗಾಗಲಿಲ್ಲ. 1965ರಲ್ಲಿ ಕಾರ್ಪ್ಲಸ್, ಪೋರ್ಟರ್ ಮತ್ತು ಶರ್ಮ ಕಂಪ್ಯೂಟರಿನಲ್ಲಿ ಸಾವಿರಾರು ಪಥಗಳನ್ನು ಲೆಕ್ಕಹಾಕಿ ಕ್ರಾಸ್ ಸೆಕ್ಷನ್ ಪಡೆದರು. ನಿಮ್ಮ ಲ್ಯಾಪ್‌ಟಾಪ್ ಒಂದು ಪಥವನ್ನು ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತದೆ. ಹಾಗಾಗಿ ಪಥಗಳ ಸಂಖ್ಯೆ ಹೆಚ್ಚಿಸುವ ಮುನ್ನ ಹತ್ತು ಪಥಗಳನ್ನಾದರೂ ಸಮಶಕ್ತಿ ರೇಖೆಗಳ ಮೇಲೆ ಚಿತ್ರಿಸಿ, ಯಾವುದು ದಾಟಿತು, ಯಾವುದು ಮೂಲೆಯವರೆಗೆ ಹೋಗಿ ಹಿಂದಿರುಗಿತು, ಏಕೆ ಎಂದು ಒಂದೊಂದನ್ನೂ ನೋಡಿ.

ಪ್ರಶ್ನೆ: ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಈಗ ಎಂ.ಎಸ್‌ಸಿ. ಓದುತ್ತಿದ್ದೇನೆ. ಕೆಮಿಕಲ್ ಡೈನಮಿಕ್ಸ್ ಪುಸ್ತಕದ ಇಂಗ್ಲಿಷೇ ನನಗೆ ಗೋಡೆಯಾಗಿದೆ.
— ವಿದ್ಯಾರ್ಥಿ, ಹಾಸನ

ಉತ್ತರ: ಇಂಗ್ಲಿಷ್ ಪುಸ್ತಕವನ್ನು ಇಂಗ್ಲಿಷಿನಲ್ಲೇ ಓದಿ, ನೋಟ್ಸ್ ಮಾತ್ರ ಕನ್ನಡದಲ್ಲಿ ಬರೆಯಿರಿ. ಪಾರಿಭಾಷಿಕ ಪದಗಳನ್ನು ಅನುವಾದಿಸಲು ಸಮಯ ಕಳೆಯಬೇಡಿ, ಅವನ್ನು ಇದ್ದಂತೆಯೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಕನ್ನಡದಲ್ಲಿ ಹೇಳಬೇಕಾದದ್ದು ವಾಕ್ಯದ ಅರ್ಥ: ಯಾವುದು ಗೊತ್ತಿದೆ, ಯಾವುದನ್ನು ಹುಡುಕುತ್ತಿದ್ದೇವೆ, ಯಾವುದನ್ನು ಚಿಕ್ಕದೆಂದು ಬಿಟ್ಟಿದ್ದೇವೆ. ಬಾರ್ನ್–ಓಪನ್‌ಹೈಮರ್ ಅಂದಾಜಿಗೆ ಒಂದೂವರೆ ಪುಟದ ಗಣಿತ ಇರುತ್ತದೆ. ಅದನ್ನು ಓದಿ ಮುಗಿಸಿದ ಮೇಲೆ ‘ಪ್ರೋಟಾನ್ ಎಲೆಕ್ಟ್ರಾನಿಗಿಂತ 1836 ಪಟ್ಟು ಭಾರ. ಅದಕ್ಕೇ ನ್ಯೂಕ್ಲಿಯಸ್ ಒಂದು ಹೆಜ್ಜೆ ಇಡುವಷ್ಟರಲ್ಲಿ ಎಲೆಕ್ಟ್ರಾನುಗಳು ಹೊಸ ಜಾಗಕ್ಕೆ ಹೊಂದಿಕೊಂಡಿರುತ್ತವೆ. ಎರಡು ಮೇಲ್ಮೈಗಳು ಹತ್ತಿರ ಬಂದಲ್ಲಿ ಈ ಮಾತು ಕೆಡುತ್ತದೆ’ ಎಂದು ನಿಮ್ಮ ಊರಿನ ಮಾತಿನಲ್ಲಿ ಬರೆಯಲು ಬಂದರೆ ಮುಂದಿನ ಪುಟಕ್ಕೆ ಹೋಗಿ. ಬರೆಯಲು ಬರದಿದ್ದರೆ ಅದೇ ಒಂದೂವರೆ ಪುಟವನ್ನು ಮರುದಿನ ಬೆಳಗ್ಗೆ ಇನ್ನೊಮ್ಮೆ ಓದಿ, ಆಗಲೂ ಆಗದಿದ್ದರೆ ಯಾವ ಸಾಲಿನಲ್ಲಿ ನಿಂತಿರಿ ಎಂಬುದನ್ನು ನನಗೆ ಬರೆದು ಕಳುಹಿಸಿ.